ಪೆಂಟೋಥಾಲ್ ಅಂದ್ರೆ ಬರೀ ನಾರ್ಕೋ ಅಲ್ಲ

ನಿಮ್ಮ ಲೇಖನದಲ್ಲಿ ಪೆಂಟೋಥಾಲ್ ಅಂದರೆ ನಾರ್ಕೋ ಪರೀಕ್ಷೆಯಲ್ಲಿ (ಮಂಪರು ಬರಿಸಿ ಪ್ರಶ್ನೆ ಕೇಳುವ ವಿಚಾರಣೆ) ಸತ್ಯ ಕಕ್ಕಿಸುವ ಇಂಜೆಕ್ಷನ್ ಅಂತಷ್ಟೇ ಬರೆದು ಮುಗಿಸಿಬಿಟ್ಟಿದ್ದೀರಿ, ಅದಕ್ಕೇ ಈ ಮಾತು. ಇದರ ಔಷಧಿ ಹೆಸರು ಥಯೋಪೆಂಟೋನ್. 1934ರಿಂದಲೂ ಆಪರೇಷನ್ ಥಿಯೇಟರಿನಲ್ಲಿ ಇರುವ ಅರಿವಳಿಕೆ. ತಿಳಿ ಹಳದಿ ಪುಡಿ, ನೀರಲ್ಲಿ ಕರಗಿಸಿ ಅಭಿಧಮನಿಗೆ (ವೇನ್‌ಗೆ) ಕೊಟ್ಟರೆ ಅರ್ಧ ನಿಮಿಷದಲ್ಲಿ ನಿದ್ದೆ, ಅಷ್ಟರೊಳಗೆ ಕೆಲವರಿಗೆ ಬಾಯಲ್ಲಿ ಬೆಳ್ಳುಳ್ಳಿ ರುಚಿ ಬೇರೆ ಬರುತ್ತದೆ! ಒಂದೇ ಡೋಸ್ ಆದರೆ 5-10 ನಿಮಿಷಕ್ಕೆ ಎಚ್ಚರ. ಹಾಗಂತ ಔಷಧಿ ಮೈಯಿಂದ ಹೊರಟುಹೋಯ್ತು ಅಂತಲ್ಲ, ಮೆದುಳು ಬಿಟ್ಟು ಸ್ನಾಯು, ಕೊಬ್ಬಿನ ಕಡೆ ಸರಿದಿರುತ್ತದೆ ಅಷ್ಟೇ. ಮೇಲಿಂದ ಮೇಲೆ ಕೊಟ್ಟರೆ ಏಳೋದು ತುಂಬಾ ತಡ ಆಗೋದು ಇದಕ್ಕೇ.

ಅಪಾಯ ಇಲ್ಲ ಅಂತ ನಾನು ಹೇಳ್ತಿಲ್ಲ. ಉಸಿರು ನಿಲ್ಲಬಹುದು, ಬಿಪಿ ಇಳಿಯುತ್ತದೆ, ಪಾರ್ಫಿರಿಯಾ ಅನ್ನೋ ಅಪರೂಪದ ಕಾಯಿಲೆ ಇದ್ದವರಿಗೆ ಕೊಡಲೇಬಾರದು. ದ್ರಾವಣ ತುಂಬಾ ಕ್ಷಾರೀಯ, ಸೂಜಿ ತಪ್ಪಿ ಅಪಧಮನಿಗೆ (ಆರ್ಟರಿಗೆ) ಹೋದರೆ ಕೈಬೆರಳಿಗೆ ರಕ್ತವೇ ನಿಂತು ಕೊಳೆಯುವ ಮಟ್ಟಕ್ಕೂ ಹೋಗಬಹುದು. ಉಸಿರಾಟ ನೋಡಿಕೊಳ್ಳುವ ಅರಿವಳಿಕೆ ಡಾಕ್ಟರು ಪಕ್ಕದಲ್ಲೇ ಇದ್ದರೆ ಮಾತ್ರ ಇದು ಸುರಕ್ಷಿತ. ಈಗ ಪ್ರೊಪೊಫಾಲ್ ಅನ್ನೋ ಬೇರೆ ಅರಿವಳಿಕೆ ಜಾಸ್ತಿ ಬಳಕೆ, ಆದರೂ ಯಾವ ಔಷಧಿಗೂ ನಿಲ್ಲದ ಫಿಟ್ಸ್‌ಗೆ ಇದನ್ನು ಇನ್ನೂ ಕೊಡುತ್ತಾರೆ.

ಇನ್ನು ನಾರ್ಕೋ ವಿಷಯ. ಅರೆಮಂಪರಿನಲ್ಲಿ ಮನುಷ್ಯ ನಿಜವನ್ನೂ ಹೇಳ್ತಾನೆ, ಸುಮ್ನೆ ಕಲ್ಪಿಸಿಕೊಂಡಿದ್ದನ್ನೂ ಹೇಳ್ತಾನೆ, ಕೇಳೋರು ಸುಳಿವು ಕೊಟ್ಟ ಹಾಗೂ ಹೇಳ್ತಾನೆ. ಒಪ್ಪಿಗೆ ಇಲ್ಲದೆ ಇದನ್ನು ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತು, ಅದೂ ನಮ್ಮದೇ ರಾಜ್ಯದ ಸೆಲ್ವಿ ವರ್ಸಸ್ ಕರ್ನಾಟಕ ಕೇಸಿನಲ್ಲಿ. ಲೇಖನದಲ್ಲಿ ಇದರ ಸುದ್ದಿಯೇ ಇಲ್ವಲ್ಲ?