ಸಮುದ್ರ ಕಾಣುವ 82 ಚದರಡಿ

ನೀರು ಕಾಣುವ ಮನೆಯ ಆಸೆಗೆ ಬೆಂಗಳೂರಿನವರು ಒಮ್ಮೆ ಕೈ ಸುಟ್ಟುಕೊಂಡಿದ್ದಾರೆ, ಒಮ್ಮೆ ಕಾಲು ನೆನೆಸಿಕೊಂಡಿದ್ದಾರೆ. ಕೆರೆ ಕಾಣುತ್ತದೆಂದು ಚದರಡಿಗೆ ಹೆಚ್ಚು ತೆತ್ತವರಿಗೆ 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಯೇ ಹೊತ್ತಿ ಉರಿಯುವುದು ಕಂಡಿತು. 2022ರ ಸೆಪ್ಟೆಂಬರ್ ಮಳೆಯಲ್ಲಿ ನೀರೇ ವಿಲ್ಲಾಗಳ ಹಾಲ್‌ವರೆಗೂ ಬಂದು ದರ್ಶನ ಕೊಟ್ಟಿತು; ಮನೆಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಕೆರೆಯ ಸಹವಾಸ ಸಾಕು, ಇನ್ನೇನಿದ್ದರೂ ಸಮುದ್ರ ಎಂದು ಊರು ತೀರ್ಮಾನಿಸಿದೆ. ಸಮುದ್ರವೆಂದರೆ ದುಬೈ. ಮಂಗಳೂರು ಇದೆಯಲ್ಲ ಎನ್ನಬೇಡಿ, ಅಲ್ಲಿಗೆ ವೀಸಾ ಬೇಕಿಲ್ಲ.

ಶಾಸ್ತ್ರ ಶುರುವಾಗುವುದು ಇಲ್ಲಿನ ಸ್ಟಾರ್ ಹೋಟೆಲಿನಲ್ಲಿ, ದುಬೈ ಫ್ಲ್ಯಾಟ್ ಮಾರುವವರ ಎಕ್ಸ್‌ಪೋದಲ್ಲಿ. ಕಾಫಿ, ಮಿನಿ ವಡೆ, ‘ಸಕುಟುಂಬ ಬೀಚ್ ಪ್ರವಾಸ’ದ ಕೂಪನ್. ದುಬೈಯಲ್ಲಿ ಇಳಿದ ಮೇಲೆ ಬೀಚಿನ ದಿನ ನಡೆಯುವುದು ಹೀಗೆ: ಬೆಳಿಗ್ಗೆ ಒಂಬತ್ತಕ್ಕೆ ವ್ಯಾನ್, ಸಂಜೆ ನಾಲ್ಕರವರೆಗೆ ಸೇಲ್ಸ್ ಗ್ಯಾಲರಿ, ಆಮೇಲೆ ನಲವತ್ತು ನಿಮಿಷ ಬೀಚ್. ಮೇ ತಿಂಗಳ ಶಾಲಾ ರಜೆಯಲ್ಲಿ ಹೋದರಂತೂ ಮರಳು ಕಾವಲಿಯಂತೆ ಕಾದಿರುತ್ತದೆ. ಮಕ್ಕಳು ಒಂದು ಕಾಲು ಇಟ್ಟು ಎರಡು ಕಾಲಲ್ಲೂ ಓಡುತ್ತವೆ.

ನಿಜವಾದ ಸಮುದ್ರ ಇರುವುದು ಗ್ಯಾಲರಿಯ ಮೇಜಿನ ಮೇಲಿನ ಪುಟ್ಟ ಮಾದರಿಯಲ್ಲಿ. ನೀಲಿ ಅಕ್ರಿಲಿಕ್ ನೀರು, ಬೆರಳುದ್ದದ ದೋಣಿಗಳು, ಕಿಟಕಿ ಕಿಟಕಿಗೂ ದೀಪ. ಕಣ್ಣನ್ನು ಮೇಜಿನ ಮಟ್ಟಕ್ಕೆ ಇಳಿಸಿ, ‘ನಮ್ಮ’ ಮಹಡಿಯಿಂದ ನೀರಿನ ಕಡೆ ನೋಡಬೇಕು. ನಡುವೆ ಗಾಜಿನಂಥ ಒಂದು ಚೌಕ ಸಿಗುತ್ತದೆ. ಅದು ಮುಂದಿನ ಹಂತದ ಟವರ್. ಇನ್ನೂ ಕಟ್ಟಿಲ್ಲ, ಆದ್ದರಿಂದ ಪಾರದರ್ಶಕ. ಕಟ್ಟಿದ ಮೇಲೂ ಹೀಗೇ ಇರುತ್ತದಾ ಎಂದು ಕೇಳಿದರೆ ಏಜೆಂಟ್ ಜ್ಯೂಸ್ ತರಿಸುತ್ತಾನೆ. ಮುಂದಿನ ಜಾಗಕ್ಕೆ ಎಷ್ಟು ಮಹಡಿಗೆ ಅನುಮತಿ ಇದೆ, ‘ಸೀ ವ್ಯೂ’ ಎಂಬ ಮಾತು ಬ್ರೋಷರಿನಲ್ಲಷ್ಟೇ ಇದೆಯೋ ಕರಾರುಪತ್ರದಲ್ಲೂ ಇದೆಯೋ ಎಂದು ಯಾರೂ ನೋಡುವುದಿಲ್ಲ. ಇದೇ ಜನ ಊರಲ್ಲಿ 30-40 ಸೈಟಿಗೆ 30 ವರ್ಷದ ಇಸಿ, ಮದರ್ ಡೀಡ್, ಇ-ಖಾತಾ ಎಲ್ಲ ತೆಗೆಸಿ ಲಾಯರ್ ಕೈಯಲ್ಲಿ ಎರಡು ಸಲ ಓದಿಸುವವರು.

ವಾಸ್ತು? ಜಯನಗರದಲ್ಲಿ ಸಂಪು ಈಶಾನ್ಯದಿಂದ ಎರಡಡಿ ಸರಿದಿದೆ ಎಂದು ನೆಲ ಒಡೆಸಿದವರಿಗೆ, ದುಬೈ ತೀರದಲ್ಲಿ ಇಡೀ ಸಮುದ್ರವೇ ವಾಯವ್ಯಕ್ಕಿರುವುದು ತೊಂದರೆಯೇ ಅಲ್ಲ. ಬೇಸಿಗೆಯ ಸಂಜೆಬಿಸಿಲು ಅದೇ ದಿಕ್ಕಿನಿಂದ ನೇರ ಗಾಜಿಗೆ ಬಡಿಯುತ್ತದೆ. ಪರದೆ ಎಳೆಯಲೇಬೇಕು. ಎಳೆದರೆ ವ್ಯೂ ಹೋಯಿತು.

ಈಗ ಲೆಕ್ಕ, ಅಜ್ಜಿ ಬರುವುದು ಇಲ್ಲೇ. ಮೆಚ್ಚಿದ ಮನೆಯ ಬೆಲೆ 20 ಲಕ್ಷ ದಿರ್ಹಾಮ್ ಎನ್ನಿ. ಡಾಲರಿಗೆ 3.6725 ದಿರ್ಹಾಮಿನಂತೆ ಸುಮಾರು 5,44,600 ಡಾಲರ್. ವಿದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಮಾಡಿರುವ ಎಲ್‌ಆರ್‌ಎಸ್ ಯೋಜನೆಯ ಪ್ರಕಾರ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಕಳಿಸಬಹುದಾದ್ದು 2,50,000 ಡಾಲರ್. ಗಂಡ ಹೆಂಡತಿ ಸೇರಿದರೆ ಐದು ಲಕ್ಷ. ಉಳಿದ 44,600ಕ್ಕೆ, ಅಷ್ಟು ದಿನ ‘ಬಿಸಿಲು ಆಗಲ್ಲ, ನೀವು ಮನೇಲೇ ಇರಿ’ ಎನ್ನಿಸಿಕೊಂಡಿದ್ದ ಅಜ್ಜಿಗೆ ಟಿಕೆಟ್ ಆಗುತ್ತದೆ. “ಅತ್ತೆ, ನಿಮ್ಮ ಪ್ಯಾನ್ ಕಾರ್ಡ್ ಎಲ್ಲಿಟ್ಟಿದ್ದೀರಿ?” ಎಂದು ಅಳಿಯ ಕೇಳುವ ದನಿಯಲ್ಲಿ ಮದುವೆಯ ದಿನವೂ ಇರದ ವಿನಯ.

ಅರ್ಧ ಹಣ ಮಾರ್ಚ್ 31ರೊಳಗೆ, ಇನ್ನರ್ಧ ಏಪ್ರಿಲ್ 1ರ ಮೇಲೆ ಕಳಿಸಿದರೆ ಇಬ್ಬರಲ್ಲೇ ಮುಗಿಯುತ್ತಿತ್ತು. ಆದರೆ ಆಫರ್ ಭಾನುವಾರ ಸಂಜೆಗೇ ಮುಗಿಯುತ್ತದೆ.

ಅಜ್ಜಿಯ ಹೆಸರಲ್ಲಿ ದುಡ್ಡು ಕಳಿಸಿ ಮನೆ ನಮ್ಮ ಹೆಸರಿಗೆ ಮಾಡಿಕೊಳ್ಳೋಣ ಎಂದರೆ ಆಗದು. ಹಣ ಕಳಿಸಿದವರು ಸಹ-ಮಾಲೀಕರಾಗಿರಲೇಬೇಕು. 10 ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಬ್ಯಾಂಕ್ 20% ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿಯುತ್ತದೆ. 2 ಕೋಟಿ ಕಳಿಸುವವರು ಇನ್ನೂ 38 ಲಕ್ಷ ಕೈಯಲ್ಲಿಟ್ಟುಕೊಂಡಿರಬೇಕು. ರಿಟರ್ನ್ಸ್ ಹಾಕಿದರೆ ತೆರಿಗೆಯಲ್ಲಿ ವಜಾ ಆಗುತ್ತದೆ, ಮಿಕ್ಕದ್ದು ವಾಪಸ್ ಬರುತ್ತದೆ, ಯಾರ ಪ್ಯಾನೋ ಅವರ ಖಾತೆಗೆ. ಅಜ್ಜಿಯ ಪಾಲಿನದು ಅಜ್ಜಿಯ ಪಾಸ್‌ಬುಕ್‌ಗೆ. ಅದು ಅವರ ಬೀರುವಿನಲ್ಲಿದೆ, ಬೀರುವಿನ ಕೀ ಸೊಂಟದಲ್ಲಿದೆ. ಆದಾಯವೇ ಇಲ್ಲದಿದ್ದರೂ ವಿದೇಶದಲ್ಲಿ ಆಸ್ತಿ ಇದ್ದ ಮೇಲೆ ವರ್ಷ ವರ್ಷ ಐಟಿಆರ್ ಹಾಕಿ, ಅದರಲ್ಲಿ ವಿದೇಶಿ ಆಸ್ತಿಯ ಪಟ್ಟಿಯಾದ ಶೆಡ್ಯೂಲ್ ಎಫ್‌ಎ ತುಂಬಬೇಕು. ಮರೆತರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ದಂಡ ಬೀಳಬಹುದು. ಹೀಗೆ, ಮೊಮ್ಮಕ್ಕಳಿಗೆ ಸಮುದ್ರ ತೋರಿಸಲು ಹೋದ ಅಜ್ಜಿಗೆ ಆಡಿಟರ್ ಗಂಟುಬಿದ್ದರು.

ದುಬೈ ಭೂ ಇಲಾಖೆಗೆ 4%, ಅದು ಬೇರೆ. ಚದರಡಿ ಲೆಕ್ಕದ ಸರ್ವಿಸ್ ಚಾರ್ಜ್ ಪ್ರತಿ ವರ್ಷ. ಡಿಸ್ಟ್ರಿಕ್ಟ್ ಕೂಲಿಂಗ್, ಅಂದರೆ ಇಡೀ ಬಡಾವಣೆಗೆ ಒಂದೇ ಕಡೆಯಿಂದ ತಂಪು ಹಾಯಿಸುವ ವ್ಯವಸ್ಥೆ, ಇರುವ ಕಟ್ಟಡವಾದರೆ ಬಿಲ್ಲಿನಲ್ಲಿ ಎರಡು ಭಾಗ: ಬಳಸಿದ ತಂಪಿಗೆ ಒಂದು, ನಿಮಗಾಗಿ ಕಾದಿಟ್ಟ ತಂಪಿಗೆ ಇನ್ನೊಂದು. ಎರಡನೆಯದು ಬೀಗ ಹಾಕಿದ ಮನೆಗೂ ಬರುತ್ತದೆ. ಬೀಗ ಹಾಕಿಯೇ ಇರುತ್ತದೆ, ಏಕೆಂದರೆ ಮನೆಯವರು ಬನಶಂಕರಿಯಲ್ಲಿ ಟ್ಯಾಂಕರಿಗೆ ಕಾಯುತ್ತಿರುತ್ತಾರೆ.

ಪಾಲಿನ ಲೆಕ್ಕ ಹಾಕಿದರೆ ಸಾವಿರ ಚದರಡಿಯಲ್ಲಿ ಅಜ್ಜಿಯದು 82 ಚದರಡಿ. ಅಳತೆ ಸರಿಯಾಗಿ ಬಾಲ್ಕನಿಗೆ ಹೊಂದುತ್ತದೆ, ಸಮುದ್ರ ಕಾಣುವುದೂ ಅಲ್ಲಿಂದಲೇ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಿದರೆ ದುಬೈ ನಗರಪಾಲಿಕೆ ದಂಡ ಹಾಕುತ್ತದೆ ಎಂದು ಅಳಿಯ ತಿಳಿಸಿ ಹೇಳಿದ. ಅಜ್ಜಿ ಬಿಸಿಲು ಬೀಳುವ ಮೂಲೆಯನ್ನು ಒಮ್ಮೆ ನೋಡಿ ಕೇಳಿದರು: “ಬಟ್ಟೆ ತಾನೆ? ಸಂಡಿಗೆಗೇನೂ ಇಲ್ಲವಲ್ಲ?”