ಇಂಜಿನ್ ಎಲ್ಲಿದೆ, ಮಾಮ?

ದಸರಾ ಹೊತ್ತಿಗೆ ಡೆಟ್ರಾಯ್ಟ್ ಹತ್ತಿರದ ಅಕ್ಕನ ಮನೆಗೆ ಹೋಗಿದ್ದೆ. ಆಯುಧಪೂಜೆಯ ದಿನ ಭಾವ, "ಮಂತ್ರ ನಿನಗೆ ಬರುತ್ತಲ್ಲ, ಗಾಡಿ ಪೂಜೆ ನೀನೇ ಮಾಡಿಬಿಡು" ಅಂದರು. ನನಗೆ ಬರುವುದು 'ಶುಕ್ಲಾಂಬರಧರಂ' ಒಂದೇ. ಅದೂ ಅರ್ಧ. ಹೇಳಲಿಲ್ಲ.

ಗ್ಯಾರೇಜಿನಲ್ಲಿ ಎರಡು ಕಾರ್ವೆಟ್, ಅಂದರೆ ಷೆವರ್ಲೆ ಕಂಪನಿಯ ಸ್ಪೋರ್ಟ್ಸ್ ಕಾರು. ಭಾವನದು 1979ರದು, ಮೂರನೇ ತಲೆಮಾರು, ಕಾರಿನ ಹುಚ್ಚಿನವರ ಬಾಯಲ್ಲಿ ಸಿ3. ಅಳಿಯನದು 2021ರ ಸಿ8. ಅಪ್ಪನ ಕಾರಿಗೆ ಉದ್ದ ಮೂತಿ, ಸಣ್ಣ ಸೊಂಟ. ಮಗನ ಕಾರಿಗೆ ಮೂತಿ ಇದ್ದೂ ಇಲ್ಲದ ಹಾಗೆ.

ಸಿ3ಗೆ ಹಾರ ಕಟ್ಟಲು ಎಲ್ಲೂ ಜಾಗ ಕಾಣಲಿಲ್ಲ. ಫ್ರಿಜ್ಜಿಗೆ ಅಂಟಿಸಿದ್ದ ಮೈಸೂರು ಅರಮನೆಯ ಮ್ಯಾಗ್ನೆಟ್ ತಂದು ಹಾರದ ಮೇಲೆ ಒತ್ತಿದೆ. ಅರಮನೆ ಟಪ್ ಅಂತ ನೆಲಕ್ಕೆ ಬಿತ್ತು. ಇನ್ನೊಂದು ಕಡೆ ಒತ್ತಿದೆ. ಮತ್ತೆ ಟಪ್.

"ಅದು ತಗಡಲ್ಲ ಕಣೋ, ಫೈಬರ್‌ಗ್ಲಾಸು. 1953ರ ಮೊದಲ ಕಾರ್ವೆಟ್ಟೂ ಹಾಗೇ."

"ಹಾಗಾದ್ರೆ ತುಕ್ಕು ಹಿಡಿಯಲ್ಲ, ಅಲ್ವಾ?"

ಭಾವನ ಮುಖ ಸಪ್ಪಗಾಯಿತು. ಮೈಗೆ ಹಿಡಿಯಲ್ಲವಂತೆ, ಒಳಗಿನ ಉಕ್ಕಿನ ಚೌಕಟ್ಟಿಗೆ ಚೆನ್ನಾಗೇ ಹಿಡಿಯುತ್ತಂತೆ. ಮಿಷಿಗನ್ನಿನಲ್ಲಿ ಚಳಿಗಾಲ ಬಂದರೆ ರಸ್ತೆಗೆಲ್ಲ ಉಪ್ಪು ಸುರಿಯುತ್ತಾರಲ್ಲ.

ಹೆಡ್‌ಲೈಟಿಗೆ ಕುಂಕುಮ ಇಡೋಣ ಅಂದರೆ ಅದೂ ಕಾಣದು. ಸಿ3ಯ ಕಣ್ಣು ಮುಚ್ಚಿಕೊಂಡಿರುತ್ತದೆ. ಇಂಜಿನ್ನಿನ ವ್ಯಾಕ್ಯೂಮ್, ಅಂದರೆ ಅದು ಗಾಳಿ ಹೀರುವ ಬಲ, ಎಳೆದರೆ ಮಾತ್ರ ಮೇಲೇಳುತ್ತದೆ. ಭಾವ ಸ್ಟಾರ್ಟ್ ಮಾಡಿದರು. ಬಲಗಣ್ಣು ಎದ್ದಿತು. ಎಡಗಣ್ಣು ಸ್ವಲ್ಪ ಯೋಚನೆ ಮಾಡಿ, ನನ್ನ ಕಡೆ ನೋಡಿ, ಆಮೇಲೆ ಎದ್ದಿತು. ಐವತ್ತು ದಾಟಿದ ನನಗೆ ಯಾರೂ ಕಣ್ಣು ಹೊಡೆದು ಬಹಳ ವರ್ಷವಾಗಿತ್ತು.

"ಹಳೇ ಪೈಪು, ಎಲ್ಲೋ ಗಾಳಿ ಸೋರ್ತಿದೆ" ಅಂದರು ಭಾವ.

ಆಮೇಲೆ ಸಿ8. ಬಾನೆಟ್ ತೆಗೆಸಿ, ಕಣ್ಣು ಮುಚ್ಚಿ, ಬರುವ ಅರ್ಧ ಮಂತ್ರವನ್ನೇ ಎರಡು ಸಲ ಹೇಳಿ, ಅಕ್ಷತೆ ಹಾಕಿ ಮಂಗಳಾರತಿ ಎತ್ತಿದೆ. ಕಣ್ಣು ಬಿಟ್ಟರೆ ಅಳಿಯ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ಇಂಜಿನ್ ಎಲ್ಲಿದೆ, ಮಾಮ?"

ಬಗ್ಗಿ ನೋಡಿದೆ. ಒಂದು ಕಪ್ಪು ಡಬ್ಬಿ. ಅದರಲ್ಲಿ ಅವನ ಜಿಮ್ ಬೂಟು. ಬೂಟಿನೊಳಗೆ ನನ್ನ ಅಕ್ಷತೆ.

ಇಂಜಿನ್ ಸೀಟಿನ ಹಿಂದಿದೆಯಂತೆ. ಹಾಗೇ ಇರಬೇಕು ಅಂತ ಜೋರಾ ಅರ್ಕಸ್-ಡಂಟಾವ್ ಎಂಬ ಎಂಜಿನಿಯರು ದಶಕಗಳ ಹಿಂದೆಯೇ ಹಟ ಹಿಡಿದಿದ್ದರು. ಅದು ಕೈಗೂಡಿದ್ದು 2020ರ ಮಾಡೆಲ್‌ನಲ್ಲಿ. ಸುದ್ದಿ ನನಗೆ ಈಗ ಮುಟ್ಟಿತು.

ಹಿಂದಿನ ಗಾಜಿನ ಮುಚ್ಚಳ ತೆಗೆದು ಇನ್ನೊಮ್ಮೆ ಆರತಿ. 6.2 ಲೀಟರ್, 490 ಕುದುರೆ. ಭಾವನ 5.7 ಲೀಟರಿಗೆ ಬರೀ 195. ಆದರೂ ಭಾವ ಬಗ್ಗಲಿಲ್ಲ. "ಗೇರ್ ಹಾಕಕ್ಕೆ ನನಗೆ ಕಡ್ಡಿ ಇದೆ, ಕ್ಲಚ್ ಇದೆ. ಅವನಿಗೆ ಬರೀ ಬಟನ್ನು. ಅದೇನು ಕಾರಾ, ಲಿಫ್ಟಾ?"

ನಿಂಬೆಹಣ್ಣು ಇಟ್ಟೆವು. ಲಿಫ್ಟು ಸದ್ದಿಲ್ಲದೆ ಹಣ್ಣು ಅಪ್ಪಚ್ಚಿ ಮಾಡಿ ಹೋಯಿತು. ಕ್ಲಚ್ಚಿನ ಕಾರು ಗುಟುರು ಹಾಕಿ ಮುಗ್ಗರಿಸಿ ಆಫ್ ಆಯಿತು. ನಿಂಬೆಹಣ್ಣಿಗೆ ಏನೂ ಆಗಿರಲಿಲ್ಲ.

ಅಷ್ಟರಲ್ಲಿ ಅಕ್ಕ ಹೊರಗೆ ನಿಲ್ಲಿಸಿದ್ದ ಹಳೇ ವ್ಯಾನು ತೋರಿಸಿದಳು. "ಇದಕ್ಕೂ ಒಂದು ಆರತಿ ಎತ್ತೋ. ನಿನ್ನನ್ನ, ನಿನ್ನ ಎರಡು ಸೂಟ್‌ಕೇಸನ್ನ, ಆ ಉಪ್ಪಿನಕಾಯಿ ಡಬ್ಬವನ್ನ ಏರ್‌ಪೋರ್ಟಿಂದ ಹೊತ್ತು ತಂದಿದ್ದು ಇದೇ."