ಕಥಿಯೊಳಗಿನ ಹೆಣ್ಣು ಹೊಸ್ತಿಲಾ ದಾಟಲೇಬೇಕೇನು?

ನಾವು ನಾಕೈದು ಹೆಣಮಕ್ಳು ತಿಂಗಳಿಗೊಮ್ಮೆ ಧಾರವಾಡದಾಗ ಒಬ್ಬರ ಮನಿಯೊಳಗ ಕೂಡತೀವಿ, ಯಾರರೆ ಬರದದ್ದು ಓದತೀವಿ, ಜಗಳಾ ಮಾಡತೀವಿ, ಮನಿಗೆ ಹೋಗತೀವಿ. ಹೋದ ತಿಂಗಳ ಗದಗಿನ ಒಬ್ಬ ಹುಡುಗ ಕಥಿ ಕಳಿಸಿದ್ದ. ಸ್ತ್ರೀವಾದಿ ಕಥಿ ಅಂತ ಅವನ ಹೇಳಿದ್ದ. ಗಂಡ ಕೈ ಎತ್ತತಾನ, ಹೆಂಡ್ತಿ ಮೂರು ದಿವಸ ಸುಮ್ಮನಿರ್ತಾಳ, ನಾಕನೇ ದಿವಸ ರಾತ್ರಿ ಒಂದು ಬ್ಯಾಗ್ ಹಿಡಕೊಂಡು ಮಗನ್ನ ಕರಕೊಂಡು ಬೆಂಗಳೂರಿನ ಸ್ಲೀಪರ್ ಬಸ್ ಹತ್ತತಾಳ, 'ಅವಳು ತಿರುಗಿ ನೋಡಲಿಲ್ಲ' ಅಂತ ಕಥಿ ಮುಗೀತು. ಅರ್ಧ ಮಂದಿ ಚಪ್ಪಾಳಿ ಹೊಡದ್ರು, ಅರ್ಧ ಮಂದಿ ಸುಮ್ಮನ ಚಹಾ ಕುಡದ್ರು. ಚಪ್ಪಾಳಿ ಹೊಡದ ಧಾರವಾಡದ ಅಕ್ಕಾರ ಮಾತು ಮೊದಲ, ಚಹಾ ಕುಡದ ಬ್ಯಾಡಗಿ ತಂಗೀದು ಆಮ್ಯಾಲ.

ಪರ: ದಾಟಲಿ ಬಿಡ್ರಿ, ಒಮ್ಮೆರೆ

ಮೊದಲ ಒಂದು ಹೇಳಿಬಿಡ್ತೀನಿ, ನಂಗ ಈ 'ನಂಬೂಹಂಗ ಇಲ್ಲ' ಅನ್ನೂ ಮಾತಿನ ಮ್ಯಾಲ ಭಾಳ ಹಳೇ ಸಿಟ್ಟದ. ಹದಿನೈದು ವರ್ಷದ ಹಿಂದ ನಾ ಒಂದು ಕಥಿ ಬರದಿದ್ದೆ, ನವಲಗುಂದ ಕಡೆ ಒಂದು ಹಳ್ಳಿ, ಗಂಡ ಸತ್ತಾಕಿ, ಮೈದುನರು ಹೊಲದ ಉತಾರದಾಗ, ಅಂದ್ರ ಪಹಣಿಯೊಳಗ, ಆಕಿ ಹೆಸರು ಹಚ್ಚಗೊಡೂದಿಲ್ಲ, ಆಕಿ ಬುತ್ತಿ ಕಟಗೊಂಡು ಬಂದು ತಹಶೀಲ್ದಾರ ಆಫೀಸಿನ ಕಟ್ಟಿ ಮ್ಯಾಲ ಹನ್ನೊಂದು ದಿವಸ ಕುಂಡ್ರತಾಳ. ಒಂದು ಪತ್ರಿಕಾಕ್ಕ ಕಳಿಸಿದೆ, ವಾಪಸ್ ಬಂತು. ಕೆಳಗ ಕೆಂಪು ಮಸಿಯೊಳಗ 'ಪಾತ್ರ ಸಹಜವಾಗಿಲ್ಲ, ನಮ್ಮ ಹೆಣ್ಣುಮಕ್ಕಳು ಹೀಗೆ ಮಾತಾಡುವುದಿಲ್ಲ' ಅಂತ ಬರದಿದ್ರು. ಕಥಿಯೊಳಗಿನಾಕಿ ಆಡೂ ಮಾತು ನಮ್ಮ ದೊಡ್ಡವ್ವನ ಬಾಯಿಂದ ನಾ ಸ್ವಂತ ಕೇಳಿದ್ದ್ರೀ, ಒಂದಕ್ಷರ ಬದಲ ಮಾಡಿರಲಿಲ್ಲ. ಎರಡು ಬೈಗುಳ ತಗದಿದ್ದೆ, ಅಷ್ಟ.

ಅಂದ್ರ ಈ ಸಹಜ ಅನ್ನೂದು ಯಾರ ಕಣ್ಣಿಗೆ ಸಹಜ? ಹೆಣ್ಣು ಅತ್ರ ಸಹಜ, ಸಹಿಸಿಕೊಂಡ್ರ ಸಹಜ, ಕಡೀಕ ಬಾವಿಗೆ ಹಾರಿದ್ರೂ ಯಾರೂ 'ಇದು ನಂಬೂಹಂಗಿಲ್ಲ' ಅಂತ ಕೆಂಪು ಮಸಿ ತಗಿಯೂದಿಲ್ಲ. ಓದಿದವ್ರು ಕಣ್ಣು ಒರಸಿಕೊಂಡು 'ಎಂಥಾ ಕಥಿರೀ' ಅಂತಾರ, ಒಳಗ ಕೂಗಿ ಇನ್ನೊಂದು ಕಪ್ ಚಹಾ ತರಸ್ತಾರ, ಆ ಚಹಾ ಯಾರು ಮಾಡಿದ್ರು ಅಂತ ಕೇಳಬ್ಯಾಡ್ರಿ. ಅದ ಆಕಿ ಎದ್ದು ನಿಂತ್ಲು ಅಂದ್ರ ಮಾತ್ರ ಎಲ್ಲಾರಿಗೂ ಒಮ್ಮೆಲೆ ವಾಸ್ತವ ನೆನಪಾಗ್ತದ.

ನಮ್ಮ ಕಾದಂಬರಿ ಎಲ್ಲಿಂದ ಶುರುವಾತು ನೋಡ್ರಿ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅನ್ನೂ 'ಇಂದಿರಾಬಾಯಿ', 1899ರಾಗ ಗುಲ್ವಾಡಿ ವೆಂಕಟರಾಯರು ಬರದದ್ದು. ಅದರಾಗ ಬಾಲವಿಧವಿ ಹುಡುಗಿ ಮನಿ ಬಿಟ್ಟು ಹೊರಗ ಬರ್ತಾಳ, ಓದ್ತಾಳ, ಮತ್ತ ಲಗ್ನಾ ಮಾಡ್ಕೋತಾಳ. 1899ರಾಗ ಎಷ್ಟು ಮಂದಿ ಕಣ್ಣಾರೆ ಅಂಥಾಕಿನ್ನ ನೋಡಿದ್ದಿರಬಹುದು? ಇರೂ ಹೆಣ್ಣನ್ನ ಅಷ್ಟ ಬರೀಬೇಕು ಅಂದಿದ್ರ ಆ ಪುಸ್ತಕನ ಹುಟ್ಟತಿರಲಿಲ್ಲ. ಇನ್ನ 12ನೇ ಶತಮಾನದಾಗ ಅಕ್ಕಮಹಾದೇವಿ, ಅರಸ ಕೌಶಿಕನ್ನ ಬಿಟ್ಟು ಕಲ್ಯಾಣದ ದಾರಿ ಹಿಡದಾಕಿ, ಆಕಿನ್ನ ಒಂದು ಪಾತ್ರ ಮಾಡಿ ಕಳಿಸಿದ್ರ ನಮ್ಮ ಸಂಪಾದಕರು ಏನು ಬರೀತಿದ್ರು ನಂಗ ಗೊತ್ತದ.

ಖರೆ ಹೇಳಬೇಕಂದ್ರ ಈಗ ಜೀವನನ ಮುಂದ ಓಡೇದ, ಕಥಿ ಹಿಂದ ಉಳದದ. 2023ರ ಜೂನ್‌ದಾಗ ಹೆಣಮಕ್ಳಿಗೆ ಸರಕಾರಿ ಬಸ್ ಫ್ರೀ ಆತು, ಆವತ್ತಿನಿಂದ ಹುಬ್ಬಳ್ಳಿ ಸ್ಟ್ಯಾಂಡಿನಾಗ ಒಂದು ತಾಸು ನಿಂತು ನೋಡ್ರಿ, ಆಧಾರ್ ಕಾರ್ಡ್ ಕುಪ್ಪಸದಾಗ ಇಟಗೊಂಡು ಇಬ್ಬಿಬ್ಬರ, ಮೂರು ಮೂರು ಮಂದಿ, ಸವದತ್ತಿಗೆ ಹೊಂಟಾರ, ಮಗಳ ಮನಿಗೆ ಹೊಂಟಾರ, ಸುಮ್ಮನ ಊರು ನೋಡ್ಲಿಕ್ಕೂ ಹೊಂಟಾರ, ರೊಕ್ಕ ಕೊಡ್ರಿ ಅಂತ ಗಂಡನ ಮುಂದ ನಿಂದ್ರೂದು ತಪ್ಪೇದ. ನಮ್ಮ ಕಥಿಯೊಳಗಿನಾಕಿ ಮಾತ್ರ ಇನ್ನೂ ಒಲಿ ಮುಂದ ಕುಂತು ಹೊಗಿಗೆ ಕಣ್ಣೀರು ಹಾಕ್ಲಿಕ್ಕೆ ಹತ್ಯಾಳ, ಮನಿಯೊಳಗ ಗ್ಯಾಸ್ ಬಂದು ಎಷ್ಟು ವರ್ಷ ಆತು.

ಗದಗಿನ ಹುಡುಗನ ಕಥಿ ಸ್ವಲ್ಪ ಅವಸರದ್ದು, ಒಪ್ಪತೀನಿ. ಆದ್ರ ಆಕಿನ್ನ ಹೊರಗರೆ ಕಳಿಸ್ಯಾನಲ್ಲ. ಓದಿದ ಸಾವಿರ ಹೆಣಮಕ್ಳೊಳಗ ಒಬ್ಬಾಕಿಗೆ 'ಹಿಂಗೂ ಮಾಡಬಹುದೇನು' ಅನಿಸಿದ್ರ ಆ ಕಥಿ ತನ್ನ ಕೆಲಸ ಮಾಡ್ತು.

ವಿರೋಧ: ದಾಟಿಸಿದ್ರ ಕಥಿ ಆಗಂಗಿಲ್ಲ

ಅಕ್ಕಾರ ಉತಾರದ ಕಥಿ ನನಗ ಭಾಳ ಸೇರೈತಿ, ಈಗೂ ಬಾಯಿಪಾಠ ಐತಿ. ಆದ್ರ ಅಕ್ಕಾರ, ಆಕಿ ಎಲ್ಲಿ ಮನಿ ಬಿಟ್ಟು ಹೋದ್ಲರಿ? ಹನ್ನೊಂದು ದಿವಸ ಕಟ್ಟಿ ಮ್ಯಾಲ ಕುಂತ್ಲು, ಸಂಜಿಗೆ ಮತ್ತ ಅದ ಮೈದುನರ ಮನಿಗೆ ಹೋಗಿ ರೊಟ್ಟಿ ಬಡದ್ಲು, ಅದರ ಸಲುವಾಗೇ ಅದು ಎದಿಗೆ ಬಡೀತೈತಿ. ನೀವು ಬರದದ್ದ ಒಂದು, ವಾದಾ ಮಾಡೂದ ಒಂದು.

ಮನಿ ಬಿಡಸೂದು ಬರಿಯಾವ್ರಿಗೆ ಭಾಳ ಸಸಾರರೀ. ಆಕಿ ಹೋದ್ಲು, ಪೆನ್ನು ಮುಚ್ಚಿದ್ವಿ, ನಿಜವಾದ ತ್ರಾಸು ಅಲ್ಲಿಂದ ಶುರು ಆಗೂದನ್ನ ಬರಿಯೂದ ಬ್ಯಾಡ. ಗದಗಿನ ತಮ್ಮ ಆಕಿನ್ನ ಸ್ಲೀಪರ್ ಬಸ್ಸಿಗೆ ಹತ್ತಿಸ್ಯಾನ. ಸ್ಲೀಪರಿಗೆ ಫ್ರೀ ಇಲ್ಲೋ ಮಾರಾಯಾ, ರಾಜಹಂಸಕ್ಕೂ ಇಲ್ಲ, ಕೆಂಪು ಬಸ್ಸಿಗೆ ಅಷ್ಟ ಐತಿ. ಎರಡನೇ ಪುಟದಾಗ ಹಿಟ್ಟಿನ ಗಿರಣಿ ರೊಕ್ಕಕ್ಕೂ ಗಂಡನ್ನ ಕೇಳಾಕಿ ಆರನೇ ಪುಟದಾಗ ಸ್ಲೀಪರ್ ಟಿಕೆಟ್ ಎಲ್ಲಿಂದ ತಗೊಂಡ್ಲು? ಅದು ಸಣ್ಣ ಮಾತು ಅಂತೀರಿ. ನನಗ ಅದ ಕಥಿ. ಆ ರೊಕ್ಕ ಆಕಿ ಹೆಂಗ ಕೂಡಿಟ್ಲು, ಎಷ್ಟು ತಿಂಗಳ, ಯಾವ ಡಬ್ಬಿಯೊಳಗ, ಅದನ್ನ ಬರದಿದ್ರ ಆಕಿ ಬಸ್ ಹತ್ತೂದೂ ಬ್ಯಾಡಾಗಿತ್ತು.

ಇನ್ನೊಂದು ಕಥಿ ಓದಿದ್ದೆ, ಯಾರದು ಅಂತ ಬ್ಯಾಡ, ಅದರಾಗ ನಾಯಕಿ ಧಾರವಾಡದಾಕಿ, ಸ್ವಂತ ಕಾಲ ಮ್ಯಾಲ ನಿಂತಾಕಿ, ಸೀರಿ ಮ್ಯಾಲ ಪೆನ್ಸಿಲ್ಲಿಂದ ಚಿತ್ರಾ ತಗದು ಕಸೂತಿ ಹಾಕ್ತಾಳ, ಕಡೀಕ ಗಂಟು ಹಾಕಿ ದಾರಾ ಹರೀತಾಳ. ಕಸೂತಿಗೆ ಗೆರಿ ಎಲ್ಲಿ ಹಾಕತಾರ್ರಿ, ಎಳಿ ಎಣಸಿ ಎಣಸಿ ಹಾಕೂದದು, ಗಂಟಂತೂ ಇಲ್ಲವ ಇಲ್ಲ, ಗವಂತಿ, ಮುರಗಿ ಹೊಲಿಗಿ ಹಾಕಿದ್ರ ಹಿಂದ ಮುಂದ ಒಂದ ಥರಾ ಕಾಣಬೇಕು. ಆಕಿ ಸ್ವಾಭಿಮಾನದ ಬಗ್ಗೆ ಎರಡು ಪುಟ ಭಾಷಣ ಐತಿ, ಆಕಿ ಕೈಯಾಗಿನ ಕೆಲಸದ ಬಗ್ಗೆ ಎರಡು ಸಾಲು, ಅವೂ ತಪ್ಪು. ಅಲ್ಲೇ ಪುಸ್ತಕ ಮುಚ್ಚಿಟ್ಟೆ.

ನಮ್ಮ ಓಣಿಯಾಗ ಒಬ್ಬಾಕಿ ಅದಾಳ, ಸೀಜನ್‌ನ್ಯಾಗ ಮೆಣಸಿನಕಾಯಿ ತೊಟ್ಟು ಬಿಡಸಾಕ ಹೋಗ್ತಾಳ. ಕಿಲೋ ಲೆಕ್ಕದ ಕೂಲಿ. ದಿವಸಾ ಅದ ಘಾಟಿನ್ಯಾಗ ಕುಂದ್ರಾಕಿ, ಕೈ ಉರಿ ಎಷ್ಟಿರ್ತೈತಿ ಅಂದ್ರ ಸಂಜಿಗೆ ಮನಿಗೆ ಬಂದು ಮಮ್ಮಗನ ಮುಖಾ ಮುಟ್ಟಂಗಿಲ್ಲ, ಮೊದಲ ಕೈಗೆ ಎಣ್ಣಿ ತಿಕ್ಕೋತಾಳ, ತೊಳಕೋತಾಳ, ಮತ್ತ ತಿಕ್ಕೋತಾಳ. ಆಕಿ ಅಳೂದನ್ನ ನಾ ಒಮ್ಮೆ ನೋಡೇನಿ. ಕೈಲೇ ಕಣ್ಣು ಒರಸ್ಕೊಳ್ಳಲಿಲ್ಲ, ತ್ವಾಳ ಎತ್ತಿ ರಟ್ಟಿಗೆ ಕಣ್ಣು ಒತ್ತಿದ್ಲು. ಕುಂತು ಕಲ್ಪನಾ ಮಾಡಿ ಬರದಿದ್ರ ನಾನೂ 'ಅಂಗೈಯಿಂದ ಕಣ್ಣೀರು ಒರೆಸಿಕೊಂಡಳು' ಅಂತ ಬರೀತಿದ್ದೆ, ಎಲ್ಲಾರೂ ಬರಿಯೂಹಂಗ.

ಆಕಿ ಗಂಡನ ಮನಿ ಬಿಟ್ಟಿಲ್ಲ. ಕೂಲಿ ಸಿಕ್ಕ ದಿವಸ ಮನಿಗೆ ಬರೂದಕ್ಕಿಂತ ಮೊದಲ ಸಂಘಕ್ಕ ಹೋಗಿ ಕಂತು ಕಟ್ಟಿ ಬರ್ತಾಳ, ಗಂಡ ಕೇಳಿದ್ರ 'ತೂಕ ಕಮ್ಮಿ ಬಿತ್ತು' ಅಂತಾಳ. ತೂಕದಾಗ ಮೋಸಾ ಮಾಡಿದಾವ್ನ ಜೋಡಿ ಊರು ಕೇಳೂಹಂಗ ಜಗಳಾ ತಗೀತಾಳ, ಮನಿಗೆ ಬಂದು ಸೊಸಿಗೆ ಮುಂಜಾನಿ ತಂಗಳಾ ಇಡ್ತಾಳ. ಹೂನ್ರಿ, ಕೆಟ್ಟಾಕಿನೂ ಅದಾಳ. ಸ್ತ್ರೀವಾದಿ ಕಥಿ ಅಂದಕೂಡ್ಲೇ ನಾವು ಆಕಿ ತಂಗಳದ ತಾಟು ಮುಚ್ಚಿಡ್ತೇವಿ, ನಾಯಕಿ ಚಲೋದಾಕಿ ಇರಬೇಕಲ್ಲ! ಮೊದಲ ಸತಿ ಸಾವಿತ್ರಿ ಮಾಡಿದ್ರು, ಈಗ ನಾವು ಹೋರಾಟಗಾರ್ತಿ ಮಾಡ್ತೇವಿ, ಮನಷ್ಯಾಳ ಮಾಡಾಕ ಯಾರಿಗೂ ಪುರಸತ್ತಿಲ್ಲ.

ಅಕ್ಕಮಹಾದೇವಿ ಮಾತು ತಗದ್ರಿ, ಹಂಗಾರ ಶರಣಿ ಆಯ್ದಕ್ಕಿ ಲಕ್ಕಮ್ಮನ್ನ ಯಾಕ ಬಿಟ್ರಿ? ಗಂಡ ಮಾರಯ್ಯ ಒಂದು ದಿವಸ ಜಾಸ್ತಿ ಅಕ್ಕಿ ಆಯ್ದು ತಂದ್ರ, ಇಷ್ಟ್ಯಾಕ, ಎಲ್ಲಿಂದ ತಂದಿ ಅಲ್ಲೇ ಹಾಕಿ ಬಾ ಅಂತ ಹೊರಳಿ ಕಳಿಸಿದಾಕಿ. ಹೊಸ್ತಿಲಾ ದಾಟಲಿಲ್ಲ ಆಕಿ, ಗಂಡನ್ನ ದಾಟಿಸಿದ್ಲು. ಮತ್ತ ಇಂದಿರಾಬಾಯಿ ಜೋಡಿಗೆ ಎಂ.ಕೆ. ಇಂದಿರಾ ಅವ್ರ ಕಾದಂಬರಿಯ ಫಣಿಯಮ್ಮನ್ನೂ ಕುಂದರಸ್ರಿ. ಆಕೀನೂ ಬಾಲವಿಧವಿ, ಆಕಿ ಎಲ್ಲೂ ಓಡಿ ಹೋಗಂಗಿಲ್ಲ, ತಲಿ ಬೋಳಿಸ್ಕೊಂಡು ಅದ ಮನಿಯೊಳಗ ಮುದುಕಿ ಆಗ್ತಾಳ, ಆದ್ರ ಇನ್ನೊಬ್ಬ ಹುಡುಗಿ ತಲಿ ಬೋಳಿಸ್ಕೊಳ್ಳಂಗಿಲ್ಲ ಅಂತ ಹಟಾ ಹಿಡದಾಗ ಆಕಿ ಕಡೆ ನಿಂದರ್ತಾಳ. ಅಷ್ಟು ವರ್ಷ ಒಳಗ ಏನು ಕುದೀತಿತ್ತು ಅಂತ ಅಲ್ಲಿ ಗೊತ್ತಾಗ್ತೈತಿ.

ಅಳತಿ ಬೇಕಂದ್ರ ಒಂದು ಐತಿ. ಅಮೆರಿಕದ ಕಾಮಿಕ್ಸ್ ಬರಿಯಾಕಿ ಆಲಿಸನ್ ಬೆಕ್‌ಡೆಲ್ 1985ರಾಗ ಸಿನಿಮಾದ ಬಗ್ಗೆ ತಮಾಷಿಗೆ ಹಾಕಿದ್ದು, ಇಬ್ಬರು ಹೆಂಗಸ್ರು ಇರಬೇಕು, ಅವರು ಒಬ್ಬರಿಗೊಬ್ಬರು ಮಾತಾಡಬೇಕು, ಗಂಡಸಿನ ವಿಷಯ ಬಿಟ್ಟು ಬ್ಯಾರೆ ಮಾತಾಡಬೇಕು. ಗದಗಿನ ಕಥಿಯೊಳಗ ಆಕಿ ಇನ್ನೊಬ್ಬ ಹೆಂಗಸಿನ ಜೋಡಿ ಒಂದು ಮಾತೂ ಆಡಿಲ್ಲ. ಅಕ್ಕಿಲ್ಲ, ತಂಗಿಲ್ಲ, ಬಾಜೂ ಮನಿಯಾಕಿ ಇಲ್ಲ. ನಮ್ಮ ಕಡೆ ಹಂಗ ಒಬ್ಬಾಕಿನ ಇರೂದು ಸಾಧ್ಯ ಏನ್ರಿ, ಬಾಗಲಾ ತಗದ್ರ ಮೂರು ಮಂದಿ ಒಳಗ ಬರ್ತಾರ.

ಆ ಕಥೀನ ನಾ ಓಣಿಯಾಕಿಗೆ ಓದಿ ಹೇಳಿದೆ, ಆಕಿ ತೊಟ್ಟು ಬಿಡಸಾಕ ಹೋಗದ ಐತ್ವಾರ. ಪೂರಾ ಕೇಳಿದ್ಲು. ಮಗನ ಸಾಲಿ ಟೀಸಿ ತಗೊಂಡ್ಲೇನು ಅಂತ ಕೇಳಿದ್ಲು. ಇಲ್ಲ ಅಂದೆ. ಸಂಘದ ಪಾಸಬುಕ್? ಅದೂ ಬರದಿಲ್ಲ ಅಂದೆ. "ಹಂಗಾರ ತವರಮನಿಗೆ ಹೋಗ್ಯಾಳ ಬಿಡವಾ, ನಾಕ ದಿನಕ್ಕ ಬರ್ತಾಳ" ಅಂತ ಎದ್ದು ಒಳಗ ಹೋದ್ಲು.

ಗದಗಿನ ತಮ್ಮಗ ನಾ ಇಷ್ಟ ಬರದು ಕಳಿಸೇನಿ: ಕಥಿ ಓದಿದೆ, ಆಕಿ ಬ್ಯಾಗಿನ್ಯಾಗ ಏನೇನ್ ಇತ್ತು?